ಟೇಕಲ್ ಮೇಲೆ ಸಿಲೋನಿಗೆ

ಟೇಕಲ್

ನನ್ನ ಪರದೇಶ ಪ್ರಯಾಣದ ಮೊದಲ ನಿಲ್ದಾಣ ಟೇಕಲ್. ನಕ್ಷೆ ಬಲ್ಲವರು ನಗಬಹುದು. ಗೌನಿಪಲ್ಲಿಯಿಂದ ಸಿಲೋನಿಗೆ ಹೊರಟವನು ಶ್ರೀನಿವಾಸಪುರದಲ್ಲಿ ಚಿಕ್ಕ ರೈಲು ಹತ್ತಿ, ಕೋಲಾರ ದಾಟಿ, ಬೌರಿಂಗ್‌ಪೇಟೆ ಜಂಕ್ಷನ್ನಿನಲ್ಲಿ ದೊಡ್ಡ ರೈಲು ಹಿಡಿದು ಪೂರ್ವಕ್ಕೆ ಹೋಗಬೇಕು. ಟೇಕಲ್ ಇರುವುದು ಪಶ್ಚಿಮಕ್ಕೆ. ನಾನು ಪಶ್ಚಿಮಕ್ಕೆ ಹೋದೆ. ಚಿಕ್ಕ ರೈಲಿನ ಸೀಮೆಯಲ್ಲಿ ಬೆಳೆದ ನಮಗೆಲ್ಲ ಒಂದು ಅಭ್ಯಾಸ: ಸ್ಟೇಷನ್ನಿನಲ್ಲಿ ನಿಂತಿರುವ ರೈಲೇ ನಮ್ಮ ರೈಲು. ಬೇರೆ ರೈಲೇ ಬರದ ಕಡೆ ಯಾರನ್ನು ಏನೆಂದು ಕೇಳುವುದು? ಜಂಕ್ಷನ್ನಿನಲ್ಲಿ ಒಂದು ರೈಲು ನಿಂತಿತ್ತು. ಹತ್ತಿದೆ. ಕಿಟಕಿಯಲ್ಲಿ ಟೇಕಲ್ ಬೆಟ್ಟ ಕಾಣಿಸಿದಾಗ ದಿಕ್ಕು ತಪ್ಪಿದ್ದು ತಿಳಿಯಿತು.

ನಾನು ಹೋಗುತ್ತಿದ್ದುದು ಒಂದು ಮಾವಿನ ಗಿಡ ತರಲಿಕ್ಕೆ. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಎರಡೋ ಮೂರೋ ವರ್ಷ ಮುಂಚಿನ ಮಾತು. ನಮ್ಮ ತೋಪಿನಲ್ಲಿ ಬಾವಿಯ ಪಕ್ಕ ಒಂದು ಮರ ತಾನಾಗಿ ಎದ್ದಿತ್ತು. ಯಾರೋ ತಿಂದು ಎಸೆದ ವಾಟೆ ಮೊಳೆತದ್ದು. ವಾಟೆಯಿಂದ ಬಂದ ಮಾವು ತಾಯಿಯ ಹಾಗೆ ಇರಬೇಕೆಂದೇನೂ ಇಲ್ಲ. ಬಹುಪಾಲು ಹುಳಿ, ನಾರು. ಎಲ್ಲೋ ಒಂದು ಹೀಗೆ ಬಾವಿಮರವಾಗುತ್ತದೆ. ಅದರ ಹಣ್ಣು ತಿಂದವರು ಆ ವರ್ಷ ಬೇರೆ ಹಣ್ಣು ಮುಟ್ಟುತ್ತಿರಲಿಲ್ಲ.

ಅಂಥ ಹಣ್ಣು ಉಳಿಯಬೇಕಾದರೆ ಕಸಿ ಕಟ್ಟಬೇಕು. ಕುಂಡದಲ್ಲಿ ಬೆಳೆದ ಯಾವುದೋ ನಾಟಿ ಸಸಿಯನ್ನು ಒಳ್ಳೆಯ ಮರದ ಕೊಂಬೆಯ ಪಕ್ಕಕ್ಕೆ ಎತ್ತಿಟ್ಟು, ಎರಡರ ತೊಗಟೆಯನ್ನೂ ಕೆತ್ತಿ, ಸೇರಿಸಿ ಬಾಳೆನಾರಿನಿಂದ ಬಿಗಿದು, ಒಂದಾಗುವ ತನಕ ನೀರುಣಿಸಬೇಕು. ಆಮೇಲೆ ಕೊಂಬೆಯನ್ನು ಮರದಿಂದ ಬಿಡಿಸಿ, ಸಸಿಯ ತಲೆಯನ್ನು ಕತ್ತರಿಸಿದರೆ ಬೇರು ನಾಟಿಯದು, ಮೇಲಿನದೆಲ್ಲ ಒಳ್ಳೆಯ ಮರದ್ದು. ಸೇರಿದ ಜಾಗದಲ್ಲಿ ಮೊಣಕಾಲಿನಂಥ ಗಂಟು ಕೊನೆಯ ತನಕ ಉಳಿಯುತ್ತದೆ. ಅಪ್ಪ ಈ ಕೆಲಸದಲ್ಲಿ ಸುತ್ತ ಹತ್ತೂರಿಗೆ ಹೆಸರಾದವರು. ಆದರೂ ಬಾವಿಮರದಿಂದ ಅವರಿಗೆ ಹತ್ತಿದ್ದು ಒಂದೇ ಕಸಿ. ನಮ್ಮ ಮನೆಯಲ್ಲೊಂದು ಪದ್ಧತಿಯಿದೆ: ಯಾವ ಮರದ್ದಾದರೂ ಸರಿ, ಮೊದಲು ಹತ್ತಿದ ಕಸಿ ಮನೆಯಲ್ಲಿ ನಿಲ್ಲಬಾರದು, ಊರು ದಾಟಬೇಕು. ಅಪ್ಪ ಅದನ್ನು ಮುಳಬಾಗಿಲಿನ ತಮ್ಮ ಗೆಳೆಯ ಗುರಪ್ಪ ಮಾವನಿಗೆ ಕೊಟ್ಟರು. ಸಿಲೋನಿನ ಮಾತಲೆಯಲ್ಲಿ ರೈಲು ಹಳಿ ನೋಡಿಕೊಳ್ಳುವ ಗ್ಯಾಂಗಿಗೆ ಮೇಸ್ತ್ರಿಯಾಗಿದ್ದ ಮಾವ ಅದನ್ನು ಮಡಿಲಲ್ಲಿಟ್ಟುಕೊಂಡು ಸಮುದ್ರ ದಾಟಿದರು. ಆಗ ನನಗೆ ಹತ್ತು ವರ್ಷ. ಆಮೇಲೆ ಹನ್ನೆರಡು ವರ್ಷ ಅಪ್ಪ ಕಟ್ಟಿದ ಒಂದು ಕಸಿಯೂ ಹತ್ತಲಿಲ್ಲ. ಹನ್ನೆರಡನೆಯ ವರ್ಷ ಸಿಡಿಲು ಬಂದು ನಲವತ್ತು ಮರಗಳ ತೋಪಿನಲ್ಲಿ ಅದೊಂದನ್ನೇ ಸುಟ್ಟಿತು.

ಆಗಲೇ ಮಾವನ ಕಾಗದ ಬಂತು. ನನ್ನ ಮರ ಚೆನ್ನಾಗಿದೆ, ಅದರಿಂದ ಒಂದು ಕಸಿ ಕಟ್ಟಿ ಕುಂಡದಲ್ಲಿ ಇಟ್ಟಿದ್ದೇನೆ, ಕೆಲಸದಿಂದ ನಿವೃತ್ತಿ, ವೈಶಾಖ ಹುಣ್ಣಿಮೆಯ ಮಾರನೆಯ ದಿನ ಕ್ವಾರ್ಟರ್ಸ್ ಬಿಡುತ್ತೇನೆ, ಮುಂದೆ ಬರುವವನು ಮರ ಕಡಿಸುತ್ತಾನಂತೆ, ಬೇಗ ಯಾರನ್ನಾದರೂ ಕಳಿಸು. ಅಪ್ಪ ನನ್ನನ್ನು ಕಳಿಸಿದರು. ಹೊರಡುವಾಗ ಹೇಳಿದ್ದು ಒಂದೇ ಮಾತು: "ಗಂಟು ಮುಟ್ಟಿ ನೋಡ್ಕಂಡು ಬಾರೋ." ಹುಣ್ಣಿಮೆಗೆ ಎಂಟು ದಿನ ಉಳಿದಿತ್ತು. ಅದರಲ್ಲಿ ಅರ್ಧ ದಿನವನ್ನು ನಾನು ಟೇಕಲ್ಲಿಗೆ ಅರ್ಪಿಸಿದೆ.

ಇಳಿಯುವ ಅವಸರದಲ್ಲಿ ಅಮ್ಮ ಕೊಟ್ಟ ಉಪ್ಪಿನಕಾಯಿ ಜಾಡಿ ಕಲ್ಲಿಗೆ ತಗುಲಿ ಒಡೆಯಿತು. ಅಂಗಿಯ ಎದೆಯಿಂದ ಹೊಟ್ಟೆಯವರೆಗೆ ಕೆಂಪು ಎಣ್ಣೆ. ಪ್ಲಾಟ್‌ಫಾರಂ ಬೆಂಚಿನ ಮೇಲೆ ತಗಡಿನ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದ ಒಬ್ಬ ದೊಡ್ಡ ಮೀಸೆಯ ಮನುಷ್ಯ ನನ್ನನ್ನೇ ನೋಡುತ್ತಿದ್ದ.

"ಎಲ್ಲಿಗೆ ಪ್ರಯಾಣ?" ಎಂದ.

"ಸಿಲೋನಿಗೆ."

"ಯಾವೂರು?"

"ಗೌನಿಪಲ್ಲಿ."

"ಅಬ್ಬಬ್ಬಾ! ಗೌನಿಪಲ್ಲಿನೋರು ಸಿಲೋನಿಗೆ ಟೇಕಲ್ ಮೇಲೆ ಹೋಗ್ತಾರಾ? ಬೆಟ್ಟಕ್ಕೂ ಒಂದು ಸುತ್ತು ಹಾಕ್ಕಂಡು ಹೋಗು, ಪುಣ್ಯ ಬರ್ತದೆ." ಅಷ್ಟು ಹೇಳಿ, ತೊಡೆ ತಟ್ಟಿಕೊಂಡು ನಕ್ಕ. ಆತ ಟೇಕಲ್ಲಿನ ಮುನಿಯಪ್ಪ. ಸಿಲೋನಿನ ಒಂದು ಚಹಾ ತೋಟದ ಬಂಗಲೆಯಲ್ಲಿ ಬಟ್ಲರು. ರಜೆ ಮುಗಿಸಿ ಅಂದೇ ವಾಪಸು ಹೊರಟಿದ್ದ! "ಒರೇ ಅಬ್ಬಾಯಿ, ಈ ಅಂಗೀಲಿ ಹೋದ್ರೆ ಯಾರನ್ನೋ ಕಡಿದು ಬಂದವ್ನೆ ಅಂತ ಜೋಲಾರ್‌ಪೇಟೇಲೇ ಹಿಡಿದು ಕೂರಿಸ್ತಾರೆ" ಎಂದು ಪೆಟ್ಟಿಗೆ ತೆಗೆದು, ಇಸ್ತ್ರಿ ಮಾಡಿದ ಬಿಳಿ ಕೋಟೊಂದನ್ನು ನನ್ನ ಮೇಲೆಸೆದ. ಐದು ಹಿತ್ತಾಳೆ ಗುಂಡಿ. "ನಂದೇ, ಎರಡನೇ ಜೊತೆ. ಯಾವಾಗಾದ್ರೂ ಈ ಕಡೆ ಬಂದಾಗ ಕೊಡು."

ಹೀಗೆ ನಡೆಯಿತು ಎಂದು ಹೇಳುತ್ತಿದ್ದೇನೆ. ಹೀಗೆಯೇ ನಡೆಯಿತೆಂದು ಆಣೆ ಇಡಲಾರೆ. ಈ ಕಥೆಯನ್ನು ನೂರು ಸಲ ಹೇಳಿದ್ದೇನೆ, ಪ್ರತಿ ಸಲವೂ ಉಪ್ಪಿನಕಾಯಿ ಇನ್ನಷ್ಟು ಕೆಂಪಾಗಿದೆ. ಗುಂಡಿ ಮಾತ್ರ ಐದೇ. ಕೋಟು ಇಂದಿಗೂ ನೋಡಲು ಸಿಗುತ್ತದೆ, ಎಣಿಸಬಹುದು.

ಮಂಡಪಂ

ಬೌರಿಂಗ್‌ಪೇಟೆಯಲ್ಲಿ ಸರಿಯಾದ ರೈಲು ಹತ್ತಿದ ಇನ್ನೊಬ್ಬ ನಾನು ಇದ್ದಾನೆಂದು ಇಟ್ಟುಕೊಳ್ಳಿ. ಪ್ರಯಾಣದುದ್ದಕ್ಕೂ ಅವನು ನನಗಿಂತ ಅರ್ಧ ದಿನ ಮುಂದಿದ್ದ. ಅವನ ಜಾಡಿ ಒಡೆದಿಲ್ಲ. ಅವನ ಅಂಗಿ ಅಮ್ಮ ಒಗೆದ ಮೋಟು ಅಂಗಿ. ಅವನ ಮೇಲೆ ನನಗೆ ಹೊಟ್ಟೆಕಿಚ್ಚು. ಮಂಡಪಂ ಮುಟ್ಟುವ ತನಕ.

ಸಿಲೋನಿಗೆ ಹೋಗುವವರನ್ನೆಲ್ಲ ಸಮುದ್ರದ ಈಚೆ ದಡದ ಮಂಡಪಂ ಊರಿನಲ್ಲಿ ಇಳಿಸಿ ಆರೋಗ್ಯ ಪರೀಕ್ಷೆ ಮಾಡುತ್ತಿದ್ದರು. ಕೂಲಿಗೆ ಹೋಗುವವರನ್ನು ಅಲ್ಲೇ ಶಿಬಿರದಲ್ಲಿ ವಾರದ ತನಕ ಇರಿಸಿಕೊಂಡು, ರೋಗವಿಲ್ಲವೆಂದು ಖಾತ್ರಿಯಾದ ಮೇಲೆ ಬಿಡುವರು. ಗುಮಾಸ್ತ, ವ್ಯಾಪಾರಿಗಳಂಥವರಿಗೆ ನಾಲಿಗೆ ನೋಡಿ ಚೀಟಿ ಕೊಡುವರು. ಎರಡು ಸಾಲು. ಯಾರು ಯಾವ ಸಾಲಿಗೆಂದು ಒಬ್ಬ ಜವಾನ ಬೆತ್ತ ತೋರಿಸಿ ಕಳಿಸುತ್ತಿದ್ದ. ಅವನಿಗೆ ಕಾಗದ ಓದುವ ಪುರಸೊತ್ತಿಲ್ಲ. ಬಟ್ಟೆ ಓದುತ್ತಿದ್ದ.

ನನ್ನ ಮುಂದೆ ನನ್ನದೇ ವಯಸ್ಸಿನ ಸೇಲಂ ಕಡೆಯ ಒಬ್ಬ. ತಂಗಿಯನ್ನು ನೋಡಿ ಬರಲು ಹೊರಟಿದ್ದ, ಕೂಲಿಗಲ್ಲ. ಮೋಟು ಅಂಗಿ. ಬೆತ್ತ ಎಡಕ್ಕೆ ಹೋಯಿತು. ನಾನು ಬಂದೆ. ಜವಾನ ಐದು ಗುಂಡಿ ನೋಡಿದ. ಬೆತ್ತ ಬಲಕ್ಕೆ.

ವಾರ ಅಲ್ಲಿ ಉಳಿದಿದ್ದರೆ ಹುಣ್ಣಿಮೆ ಕಳೆದಿರುತ್ತಿತ್ತು. ಚೀಟಿ ಹಿಡಿದು ಹೊರಗೆ ಬಂದವನು ಕುಣಿಯಬೇಕು ಅನ್ನಿಸಿ ಮರಳಿನಲ್ಲಿ ನಿಜಕ್ಕೂ ಎರಡು ಹೆಜ್ಜೆ ಕುಣಿದೆ. ತಿರುಗಿ ನೋಡಿದರೆ ಸೇಲಂನವನು ಬೇಲಿಯ ಆಚೆಯಿಂದ ನೋಡುತ್ತಿದ್ದ. ಕೈ ಎತ್ತಿದೆ. ಅವನೂ ಎತ್ತಿದ. ಅವನ ಪಕ್ಕದಲ್ಲಿ ಒಗೆದ ಅಂಗಿ ತೊಟ್ಟು, ಒಡೆಯದ ಜಾಡಿ ಹಿಡಿದು ನಿಂತಿದ್ದವನು ಆ ಇನ್ನೊಬ್ಬ ನಾನೇ.

"ನಿನ್ನ ಹಣೇಲಿ ಬರೆದಿತ್ತು ಕಣಪ್ಪಾ" ಎಂದ, ಜೊತೆಗೇ ಬಂದಿದ್ದ ಮುನಿಯಪ್ಪ.

"ಹಣೇಲಿ ಅಲ್ಲ, ನಿಮ್ಮ ಪೆಟ್ಟಿಗೇಲಿ ಇತ್ತು" ಎಂದೆ.

ಸಮುದ್ರ ಮತ್ತು ಬೆಲ್ಲ

ನಮ್ಮ ಕಡೆ ಕೆರೆ ಕೋಡಿ ಬಿದ್ದರೆ ಊರಿಗೆ ಊರೇ ನೋಡಲು ಹೋಗುತ್ತದೆ. ಹಡಗು ಹತ್ತುವ ಧನುಷ್ಕೋಡಿಯಲ್ಲಿ ಅಷ್ಟು ದೊಡ್ಡ ಸಮುದ್ರ ಬಿದ್ದುಕೊಂಡಿದ್ದರೂ ಯಾರೂ ಅದರ ಕಡೆ ನೋಡುತ್ತಿರಲಿಲ್ಲ, ಗಂಟುಮೂಟೆ ಎಣಿಸುತ್ತಿದ್ದರು. ಹಡಗಿನ ಕಂಬಿ ಹಿಡಿದು ನಾನೊಬ್ಬನೇ "ಅಯ್ಯೋ ಅಯ್ಯೋ" ಎನ್ನುತ್ತ ನಿಂತಿದ್ದೆ. ಎರಡು ಗಂಟೆಯೊಳಗೆ ಆಚೆಯ ದಡ. ನನಗೆ ಮೋಸವಾದಂತೆ ಅನ್ನಿಸಿತು. ಗೌನಿಪಲ್ಲಿಯಿಂದ ಶ್ರೀನಿವಾಸಪುರಕ್ಕೆ ಗಾಡಿಯಲ್ಲಿ ಇದಕ್ಕಿಂತ ಹೆಚ್ಚು ಹೊತ್ತು ಬೇಕು, ಅದನ್ನು ಯಾರೂ ಪರದೇಶ ಎನ್ನುವುದಿಲ್ಲ.

ಸಿಲೋನಿನ ರೈಲಿನಲ್ಲಿ ಎದುರು ಕೂತ ಮುದುಕಿ ತಾನು ಚಹಾ ಕುಡಿಯುವಾಗ ನನಗೂ ಒಂದು ಲೋಟ ಕೊಡಿಸಿದಳು. ಹಾಲಿಲ್ಲದ ಕಪ್ಪು ಚಹಾ. ಜೊತೆಗೆ ಅಂಗೈಗೆ ಒಂದು ತುಂಡು ಕಪ್ಪು ಬೆಲ್ಲ. ನಾನು ಬೆಲ್ಲವನ್ನು ಲೋಟಕ್ಕೆ ಹಾಕಿ ಬೆರಳಲ್ಲೇ ಕಲಕಿದೆ. ಇಡೀ ಡಬ್ಬಿ ನನ್ನ ಕಡೆ ತಿರುಗಿತು. ಮುದುಕಿ ಅಳಬೇಕೋ ನಗಬೇಕೋ ತಿಳಿಯದೆ ಇನ್ನೊಂದು ತುಂಡು ಕೊಟ್ಟು, ತಾನು ಕಚ್ಚಿ, ಗುಟುಕು ಕುಡಿದು, ಮತ್ತೆ ಕಚ್ಚಿ ತೋರಿಸಿದಳು. ನಾನು ಕಚ್ಚಿದೆ, ಕುಡಿದೆ. ಡಬ್ಬಿಯವರೆಲ್ಲ ತಲೆಯಾಡಿಸಿದರು. ಮಗುವಿಗೆ ಮೊದಲ ಅನ್ನ ತಿನ್ನಿಸಿದವರ ಮುಖ ಹಾಗಿರುತ್ತದೆ.

ನಡುದಾರಿಯ ಒಂದು ಜಂಕ್ಷನ್ನಿನಲ್ಲಿ ಮುನಿಯಪ್ಪ ಇಳಿದ. ಬೀಳ್ಕೊಡುವ ಮುಂಚೆ ನನ್ನನ್ನು ಸ್ಟೇಷನ್ ಮಾಸ್ತರರ ಬಳಿ ಎಳೆದುಕೊಂಡು ಹೋಗಿ, ಈ ರೈಲು ನಿಜವಾಗಿ ಮಾತಲೆಯ ಕಡೆಗೇ ಹೋಗುತ್ತದೆಯೇ ಎಂದು ಮೂರು ಭಾಷೆಗಳಲ್ಲಿ ಕೇಳಿಸಿದ.

ಮಾತಲೆ

ಬಾಗಿಲು ತೆರೆದದ್ದು ಬಿಳಿ ಸೀರೆಯುಟ್ಟ, ನನ್ನ ಅಮ್ಮನ ವಯಸ್ಸಿನ ಹೆಂಗಸು. ಸಿಂಹಳದವಳು. ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಗಟ್ಟಿಯಾಗಿ ಕೇಳಿದಳು: "ಏನ್ಲಾ, ಈಗ ಬಂದ್ಯೇನ್ಲಾ ಸೋಂಬೇರಿ?"

ನಾನು ಹೆದರಿ ಒಂದು ಹೆಜ್ಜೆ ಹಿಂದೆ ಸರಿದೆ. ಒಳಗಿನಿಂದ ಗುರಪ್ಪ ಮಾವ ಓಡಿಬಂದರು. "ತಪ್ಪು ತಿಳ್ಕೋಬೇಡ ಸೀನಾ! ಇವಳು ನಿಮ್ಮತ್ತೆ, ಸೋಮಾ. ಗ್ಯಾಂಗಿನಲ್ಲಿ ನಮ್ಮ ಕಡೆಯೋರು ಇಬ್ರಿದ್ರು. ನಾನು ಅವರನ್ನ ಬೈಯೋದು ಕೇಳಿ ಕೇಳಿ ಕನ್ನಡ ಕಲ್ತವಳೆ. ಬೇರೆ ಕನ್ನಡ ಅವಳಿಗೆ ಬರಲ್ಲ."

"ಕೂತ್ಕೊಳ್ಳಲಾ" ಎಂದು ಅತ್ತೆ ಪ್ರೀತಿಯಿಂದ ಚಾಪೆ ಹಾಸಿದಳು.

ಮಾರನೆಯ ದಿನ ಹುಣ್ಣಿಮೆ. ಅಲ್ಲಿನವರಿಗೆ ಅದು ಬುದ್ಧನ ಹಬ್ಬ. ಅರ್ಧ ಮನೆ ಮೂಟೆ ಕಟ್ಟಿತ್ತು, ಇನ್ನರ್ಧದಲ್ಲಿ ಅತ್ತೆ ಬಿದಿರು ಕಡ್ಡಿಗೆ ಬಣ್ಣದ ಕಾಗದ ಅಂಟಿಸಿ ಗೂಡುದೀಪ ಮಾಡುತ್ತಿದ್ದಳು. ನಾಳಿದ್ದು ಬಿಡುವ ಮನೆಗೆ ಇಂದು ಸಿಂಗಾರ! ಹಿತ್ತಲಲ್ಲಿ ಮರ. ಕೈಗೆ ಎಟಕುವಂತೆ ಗೊಂಚಲು ಗೊಂಚಲು ಕಾಯಿ, ನಡುನಡುವೆ ಹಣ್ಣು. ಅದರ ನೆರಳಲ್ಲಿ ಕುಂಡದೊಳಗೆ ಎರಡು ಗೇಣಿನ ಕಸಿ.

ಅತ್ತೆ ಹಣ್ಣು ತಂದು ಚಾಕುವಿನಿಂದ ಹೋಳು ಮಾಡಿ ತಟ್ಟೆಯಲ್ಲಿಟ್ಟಳು. ಅಲ್ಲಿನ ರೂಢಿ ಅದು. ನಮ್ಮ ಕಡೆ ಹಾಗಲ್ಲ. ಇಡೀ ಹಣ್ಣು ಕೇಳಿ ತೆಗೆದುಕೊಂಡು, ಅಂಗೈಯಲ್ಲಿ ಉರುಳಿಸಿ, ಹಿಸುಕಿ ಮೆತ್ತಗೆ ಮಾಡಿ, ತುದಿ ಕಚ್ಚಿ ಉಗಿದು ಚೀಪಿದೆ. ರಸ ಮೊಣಕೈಗೆ ಇಳಿಯಿತು. ಅತ್ತೆ ಕೆಲಸ ಬಿಟ್ಟು ನೋಡಿದಳು.

"ಹೆಂಗೈತೋ?" ಎಂದರು ಮಾವ.

"ಅದೇ!" ಎಂದು ಕೂಗಿದೆ. "ಅದೇ ಮಾವ, ಬಾವಿಮರದ್ದೇ! ಒಂದಿಷ್ಟೂ ಬದಲಾಗಿಲ್ಲ!"

ಮಾವ ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು. ಹತ್ತು ವರ್ಷದವನಿದ್ದಾಗ ತಿಂದದ್ದೂ ಹೋದ ಬೇಸಿಗೆಯಲ್ಲಿ ತಿಂದದ್ದೂ ಎಲ್ಲ ನಾಲಿಗೆಯ ಮೇಲೆ ಎದ್ದು ನಿಂತವು. ಸಾಕ್ಷಿಗಳು ಎಷ್ಟು ಸಲೀಸಾಗಿ ಬಂದರು ಎಂಬುದನ್ನು ಓದುವವರು ಗಮನಿಸಬೇಕು.

ಆಮೇಲೆ ಅಪ್ಪನ ಮಾತು ನೆನಪಾಗಿ ಗಂಟು ಮುಟ್ಟಲು ಮರದ ಬುಡಕ್ಕೆ ಹೋದೆ. ಗಂಟು ಇರಲಿಲ್ಲ. ಸುತ್ತಲೂ ಕೈಯಾಡಿಸಿದೆ. ಕಾಂಡ ನೆಲದಿಂದ ನೇರವಾಗಿ, ನುಣ್ಣಗೆ ಎದ್ದಿತ್ತು.

"ಮಣ್ಣೊಳಕ್ಕೆ ಹೋಗಿರ್ಬೇಕು, ಹನ್ನೆರಡು ವರ್ಷದಲ್ಲಿ ಎಷ್ಟು ಗೊಬ್ಬರ ಸುರಿದಿದ್ದೀನಿ" ಎಂದು ಮಾವ ಗುದ್ದಲಿ ತಂದರು. ಇಬ್ಬರೂ ಅಗೆದೆವು. ಒಂದು ಗೇಣು. ಬೇರು ಕಾಣಿಸಿತು. ಗಂಟಿಲ್ಲ.

ಅತ್ತೆ ಗೂಡುದೀಪ ಕೆಳಗಿಟ್ಟು ಬಂದು ನಿಂತಳು. ಮಾವನನ್ನು ನೋಡಿದಳು. ಹಳ್ಳ ನೋಡಿದಳು. ಆಮೇಲೆ ತನಗೆ ಗೊತ್ತಿದ್ದ ಕನ್ನಡದಲ್ಲಿ ಹೇಳಿದಳು: "ಮೇಕೆ ತಿಂತು ಕಣ್ಲಾ."

"ಏನು?" ಎಂದರು ಮಾವ.

"ಮೊದಲ್ನೇ ವರ್ಷ. ನೀನು ಎರಡು ತಿಂಗಳು ಲೈನ್ ಮೇಲೆ ಹೋಗಿದ್ದೆ. ನನ್ನ ಮೇಕೆ. ಮೇಲೆಲ್ಲ ತಿಂತು. ಗಂಟೂ ತಿಂತು. ಕೆಳಗಿಂದ ಹೊಸದು ಬಂತು. ನೀನು ಬೈತೀಯ ಅಂತ ಹೇಳಲಿಲ್ಲ."

ಅಂದರೆ ಬಾವಿಮರದ ಭಾಗವೆಲ್ಲ ಮೇಕೆಯ ಹೊಟ್ಟೆಗೆ ಹೋಗಿತ್ತು. ಚಿಗುರಿದ್ದು ಬುಡದ ನಾಟಿ ಸಸಿ, ಅಪ್ಪ ಬೇರಿಗಾಗಿ ಮಾತ್ರ ಬೆಳೆಸಿದ್ದ ಹೆಸರಿಲ್ಲದ ಸಸಿ. ನಾವು ಹುಡುಕಿಕೊಂಡು ಬಂದ ಮರ ಲೋಕದಲ್ಲಿ ಎಲ್ಲಿಯೂ ಇರಲಿಲ್ಲ. ಈ ಹಿತ್ತಲಲ್ಲಂತೂ ಹನ್ನೊಂದು ವರ್ಷದಿಂದ ಇರಲಿಲ್ಲ.

ಮಾವ ಗುದ್ದಲಿ ಬಿಸಾಡಿದರು. "ಅಯ್ಯೋ ನಿನ್ನ! ಸ್ಟೇಷನ್ ಮಾಸ್ತರಿಂದ ಹಿಡಿದು ಡಾಕ್ಟರ ತನಕ ಗೌನಿಪಲ್ಲಿ ಹಣ್ಣು, ಗೌನಿಪಲ್ಲಿ ಹಣ್ಣು ಅಂತ ಹಂಚಿದ್ನಲ್ಲೇ!"

"ಚೆನ್ನಾಗೈತೆ ಅಂದ್ರಲ್ಲ ಎಲ್ರೂ" ಎಂದಳು ಅತ್ತೆ. ನನ್ನ ಕಡೆ ಬೆರಳು ತೋರಿಸಿದಳು. "ಇವನೂ ಅಂದ."

ನನ್ನ ಮೊಣಕೈಯ ರಸ ಇನ್ನೂ ಆರಿರಲಿಲ್ಲ. ನಾಚಿಕೆಯಿಂದ ಬಾವಿಗೆ ಬೀಳಬೇಕೆನಿಸಿತು, ಅಲ್ಲಿ ಬಾವಿಯೂ ಇರಲಿಲ್ಲ, ನಲ್ಲಿ. ಸುಮ್ಮನೆ ಹೋಗಿ ಇನ್ನೊಂದು ಹಣ್ಣು ಕಿತ್ತೆ. ಈ ಸಲ ಏನನ್ನೂ ನೆನೆಸಿಕೊಳ್ಳಬಾರದೆಂದು ಹಟ ಹಿಡಿದು ಚೀಪಿದೆ. ದೇವರೇ! ಇದು ಯಾವ ಹಣ್ಣು? ಮೊದಲು ಜೇನು, ಕೊನೆಯಲ್ಲಿ ಹಸಿಶುಂಠಿಯಂಥ ಒಂದು ಚುರುಕು. ಆ ಚುರುಕು ಮೊದಲ ಹಣ್ಣಿನಲ್ಲೂ ಇದ್ದಿರಲೇಬೇಕು. ಬಾವಿಮರದ ಭಕ್ತಿಯಲ್ಲಿ ನಾನು ಅದನ್ನು ರುಚಿ ನೋಡಿರಲೇ ಇಲ್ಲ.

"ಕುಂಡ ತಗೊಂಡು ಹೋಗ್ತೀನಿ ಮಾವ" ಎಂದೆ.

"ನಿಮ್ಮಪ್ಪನಿಗೆ ಏನಂತ ಹೇಳ್ತೀಯೋ?"

ಹುಣ್ಣಿಮೆಯ ಸಂಜೆ ಅತ್ತೆ ಗೂಡುದೀಪವನ್ನು ಅದೇ ಮರದ ಕೊಂಬೆಗೆ ಕಟ್ಟಿದಳು. ಮಾವ ಏಣಿ ಹಿಡಿದರು. ಅವರಿಬ್ಬರೂ ಆ ದಿನ ಒಬ್ಬರೊಡನೊಬ್ಬರು ಮಾತಾಡಲಿಲ್ಲ, ಆದರೆ ಏಣಿಯನ್ನು ಮಾವ ಗಟ್ಟಿಯಾಗಿಯೇ ಹಿಡಿದಿದ್ದರು.

ಮತ್ತೆ ಸಮುದ್ರ

ಹಡಗು ಹತ್ತುವ ಕಡೆ ಒಬ್ಬ ಅಧಿಕಾರಿ ಕುಂಡಕ್ಕೆ ಅಡ್ಡ ಬಂದ. ಗಿಡ ಹೋಗಬಹುದು, ಮಣ್ಣು ಹೋಗುವಂತಿಲ್ಲ. ಹಡಗು ಕೂಗುತ್ತಿತ್ತು. ಕುಂಡ ಒಡೆದು, ನಲ್ಲಿಯ ಕೆಳಗೆ ಬೇರು ತೊಳೆದೆ. ಎಳೆಯ ಬೇರು ಬೆರಳ ಸಂದಿನಲ್ಲಿ ಹರಿಯುವಾಗ ನನ್ನದೇ ನರ ಕಿತ್ತಂತಾಯಿತು. ಸುತ್ತಲು ಗೋಣಿಯಿಲ್ಲ, ಬಾಳೆಯಿಲ್ಲ. ಮುನಿಯಪ್ಪನ ಕೋಟು ಬಿಚ್ಚಿ, ನೀರಲ್ಲದ್ದಿ, ಬೇರಿಗೆ ಸುತ್ತಿ, ಐದು ಗುಂಡಿಯನ್ನೂ ಹಾಕಿದೆ.

ಅಲ್ಲಿಂದ ಬೌರಿಂಗ್‌ಪೇಟೆಯವರೆಗೆ ಕೋಟಿಗೆ ನೀರು ಕುಡಿಸುತ್ತ ಬಂದೆ. ಸಿಕ್ಕ ಸ್ಟೇಷನ್ನಿನಲ್ಲೆಲ್ಲ ಇಳಿದು ನಲ್ಲಿಗೆ ಓಡುವುದು, ಓಡಿ ಬಂದು ಹತ್ತುವುದು. ತಿರುಚಿನಾಪಳ್ಳಿಯಲ್ಲಿ ಒಬ್ಬಾಕೆ ಕೋಟನ್ನು ಮಗುವೆಂದು ತಿಳಿದು ಜಾಗ ಬಿಟ್ಟುಕೊಟ್ಟಳು. ಎಲೆ ನೋಡಿದ ಮೇಲೂ ಏಳಿಸಲಿಲ್ಲ. ಬೌರಿಂಗ್‌ಪೇಟೆಯಲ್ಲಿ ಚಿಕ್ಕ ರೈಲು ಹತ್ತುವ ಮುಂಚೆ ನಾಲ್ಕು ಜನರನ್ನು ಕೇಳಿದೆ. ಅಲ್ಲಿ ಬೇರೆ ಚಿಕ್ಕ ರೈಲೇ ಇಲ್ಲವೆಂದು ನಾಲ್ವರೂ ನಕ್ಕರು.

ಗೌನಿಪಲ್ಲಿ

ಅಪ್ಪ ತೋಪಿನ ಬಾಗಿಲಲ್ಲೇ ನಿಂತಿದ್ದರು. ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತಿಗೆ ಬಾಯಿ ತೆರೆಯುವಷ್ಟರಲ್ಲಿ ಅವರು ಒಂದು ಎಲೆ ಕಿತ್ತು, ಹೊಸಕಿ, ಮೂಗಿಗೆ ಹಿಡಿದರು.

"ನಮ್ಮದಲ್ಲ ಇದು" ಎಂದರು.

ಬಾವಿಯ ಪಕ್ಕದ ಸುಟ್ಟ ಬೊಡ್ಡೆಯ ಮೇಲೆ ಕೂತುಬಿಟ್ಟರು. ನಾನು ಮೇಕೆಯ ಕಥೆ ಹೇಳಿದೆ. ಅವರು ನಗಲಿಲ್ಲ. ಎಲೆಯನ್ನು ಇನ್ನೊಮ್ಮೆ ಹೊಸಕಿ ಮೂಸಿದರು. ಆಮೇಲೆ, "ನಾರು?"

"ಇಲ್ಲ."

"ವಾಟೆ?"

ಜೇಬಿನಿಂದ ತೆಗೆದು ಕೊಟ್ಟೆ. ಕಿರುಬೆರಳಿನಷ್ಟು ತೆಳ್ಳಗಿತ್ತು. ಅಂಗೈಯಲ್ಲಿ ತೂಗಿ ನೋಡಿದರು. "ಆ ವರ್ಷದ ಸಸಿಯೆಲ್ಲ ಶ್ರೀನಿವಾಸಪುರದ ಸಂತೆ ಮುಗಿದ್ಮೇಲೆ ನೆಲದಾಗೆ ಬಿದ್ದಿದ್ದ ವಾಟೆ ಕಣೋ. ಗೋಣೀಲಿ ತುಂಬ್ಕಂಡು ಬಂದಿದ್ದೆ. ಯಾವನು ತಿಂದು ಉಗಿದನೋ." ವಾಟೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಬೇರು ಆಗೋಕ್ಕೆ ಸಾಕು ಅನ್ಕಂಡಿದ್ದೆ. ಲೇ, ಅದಕ್ಕೆ ಯಾವೂರ ಕೋಟು ಹಾಕಿದ್ದೀಯೋ? ಬಿಚ್ಚು, ಉಸಿರು ಕಟ್ತದೆ" ಎಂದು ಗುದ್ದಲಿಗೆ ಕೈಚಾಚಿದರು. ಬೊಡ್ಡೆಯ ಪಕ್ಕದಲ್ಲೇ ನೆಟ್ಟೆವು.

ಗಿಡ ನಾಲ್ಕನೆಯ ವರ್ಷ ಏಳು ಹಣ್ಣು ಬಿಟ್ಟಿತು. ಅಪ್ಪ ಒಂದು ಚೀಪಿ ಎರಡನೆಯದಕ್ಕೆ ಕೈ ಹಾಕಿದರು. ಮಾರನೆಯ ಮಳೆಗಾಲ ಆರು ಕಸಿ ಕಟ್ಟಿದರು. ಒಂದು ಹತ್ತಿತು.

"ಇದನ್ನ ಇಟ್ಕೊಳ್ಳೋಣ ಅಪ್ಪಾ" ಎಂದೆ. "ಮೊದಲ್ನೇದು ಕೊಟ್ಟೇ ಬಾವಿಮರ ಕಳ್ಕೊಂಡ್ವಿ."

"ಕೊಟ್ಟಿದ್ದಕ್ಕೇ ಅಲ್ವೇನೋ ಇದು ಬಂದಿದ್ದು?" ಎಂದರು ಅಪ್ಪ.

ಎರಡೂ ನಿಜ.

ಟೇಕಲ್, ಮತ್ತೊಮ್ಮೆ

ಆ ವೇಳೆಗೆ ಯುದ್ಧ ಸಿಲೋನಿನ ಹತ್ತಿರಕ್ಕೆ ಬಂದು, ಮುನಿಯಪ್ಪ ಊರಿಗೆ ಮರಳಿದ್ದಾನೆಂದು ಸುದ್ದಿ ಸಿಕ್ಕಿತು. ಕೋಟು ಒಗೆಸಿ, ಇನ್ನೊಂದು ಕೈಯಲ್ಲಿ ಕುಂಡ ಹಿಡಿದು ಬೌರಿಂಗ್‌ಪೇಟೆಯಲ್ಲಿ ಪಶ್ಚಿಮದ ರೈಲನ್ನೇ ಕೇಳಿ ಹತ್ತಿದೆ. ಗಿಡ ಅವನಿಗೇ ಎಂದುಕೊಂಡಿದ್ದೆ. ಕಾಗದ ಬರೆದಿದ್ದೆ, ಅವನು ಸ್ಟೇಷನ್ನಿಗೇ ಬಂದಿದ್ದ. ಮೀಸೆ ಬೆಳ್ಳಗಾಗಿತ್ತು. ಬೇರಿನ ಕಲೆ ಹೋಗದ ಕೋಟನ್ನು ಬಿಡಿಸಿ ನೋಡಿ, "ನೀನೇ ಇಟ್ಕೋ ಮಾರಾಯ, ಇದನ್ನ ಹಾಕ್ಕಂಡ್ರೆ ನನ್ನನ್ನ ಯಾರು ಬಟ್ಲರು ಅಂತಾರೆ?" ಎಂದ. ಗಿಡವೂ ಬೇಡವೆಂದ. "ಇಲ್ಲೆಲ್ಲಿ ನೆಡ್ಲಿ, ನನ್ನ ಮನೆ ಸುತ್ತಾ ಬಂಡೆ. ಅಗೋ, ಅವನು ಬೆಳಿಗ್ಗೆಯಿಂದ ಕೂತವ್ನೆ, ನಿನ್ನ ಹಂಗೆ."

ಬೆಂಚಿನ ತುದಿಯಲ್ಲಿ ಒಬ್ಬ ಮಧ್ಯವಯಸ್ಕ ಕೂತಿದ್ದ. ಮೊಣಕಾಲ ಮೇಲೆ ಖಾಲಿ ಬುಟ್ಟಿ. ತಪ್ಪು ರೈಲು ಹತ್ತಿ ಬಂದವನಂತೆ. ಅವನ ರೈಲು ದೂರದಲ್ಲಿ ಕೂಗಿತು. ನಾನು ಓಡಿದೆ. ಇದು ಮಾವು, ಒಳ್ಳೆಯ ಹಣ್ಣು, ಗಂಟು ಮಣ್ಣಿನ ಮೇಲೆಯೇ ಇರಲಿ, ತಗೊಳ್ಳಿ ಎಂದು ಒಂದೇ ಉಸಿರಿನಲ್ಲಿ ಹೇಳಿ ಕುಂಡವನ್ನು ಬುಟ್ಟಿಯಲ್ಲಿಟ್ಟೆ. ಅವನು ಕಕ್ಕಾಬಿಕ್ಕಿಯಾಗಿ ಬುಟ್ಟಿ ಅಪ್ಪಿಕೊಂಡು ಡಬ್ಬಿ ಹತ್ತಿದ. ಹೆಸರು ಕೇಳಲಿಲ್ಲ. ಊರೂ ಕೇಳಲಿಲ್ಲ. ರೈಲು ಜರುಗಿದಾಗ ಕಿಟಕಿಯ ಜೊತೆಗೆ ನಡೆಯುತ್ತ ಒಂದನ್ನು ಮಾತ್ರ ಕೇಳಿದೆ.

"ನಿಮ್ಮನೇಲಿ ಮೇಕೆ ಅವಾ?"

"ಅವೆ ಸ್ವಾಮೀ!" ಎಂದು ಅವನು ಕಿಟಕಿಯಿಂದ ತಲೆ ಹಾಕಿ ಕೂಗಿದ. "ಏಳು!"